ಸುಟ್ಟ ತಂತಿಯ ಗಂಟು

ಹಳೆಯ ಕಾರಿನ ಬಾನೆಟ್ಟಿನೊಳಗಿಂದ ವೈರಿಂಗಿನ ಕಟ್ಟನ್ನು ಎಳೆದು ತೆಗೆದಾಗ ಮೊದಲು ಹೊರಬಿದ್ದದ್ದು ಇಲಿಯ ಗೂಡು. ಸೀಟಿನಿಂದ ಕಡಿದು ತಂದ ಸ್ಪಂಜು, ಒಣಗಿದ ಹಿಕ್ಕೆ, ನಡುವೆ ಎಂದೋ ಸತ್ತು ಬರಿಯ ತೊಗಲಾಗಿ ಉಳಿದ ಒಂದು ಮರಿ. ಅದರ ಹಿಂದೆಯೇ ವಾಸನೆ ಬಂತು. ತಂತಿಯಕ್ಕ ಮೂಗಿಗೆ ಮೊಣಕೈ ಅಡ್ಡ ಹಿಡಿದು ಹಿಂದೆ ಸರಿದಳು.

ಇಲಿಯ ಮೇಲೆ ಅವಳಿಗೆ ಕೋಪವಿರಲಿಲ್ಲ. ಅದು ತನ್ನ ಧರ್ಮವನ್ನು ತಾನು ನಡೆಸಿತ್ತು. ಅವಳಿಗೆ ಹೇಸಿಗೆಯಾದದ್ದು ಇಲಿ ಮುಟ್ಟದೆ ಬಿಟ್ಟ ಭಾಗವನ್ನು ಕಂಡು. ಯಾರೋ ಮನುಷ್ಯರು ತಂತಿಗೆ ತಂತಿ ಹೊಸೆದು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ, ಸಕ್ಕರೆಯ ಪಾಕದಂತೆ ಜಿನುಗಿ, ಅದಕ್ಕೆ ಕೂದಲು, ಧೂಳು, ನೊಣದ ರೆಕ್ಕೆಗಳು ಮೆತ್ತಿಕೊಂಡಿದ್ದವು. ಒಳಗೆ ತಾಮ್ರವು ಹಸಿರುಗಟ್ಟಿ ಕೊಳೆಯುತ್ತಿತ್ತು.

ಶೃಂಗಾರಕ್ಕೆ ಬೀಭತ್ಸವು ಬದ್ಧವೈರಿ ಎಂದು ಹಿಂದಿನ ಲಾಕ್ಷಣಿಕರು ಎಚ್ಚರಿಸಿದ್ದಾರೆ. ಅವರು ಈ ಷೆಡ್ಡನ್ನು ಕಂಡಿರಲಿಲ್ಲ.

ವಾಹನಗಳಿಗೆ ವೈರಿಂಗ್ ಮಾಡುವುದು ಅವಳ ವೃತ್ತಿ. ಬೀದಿಯವರೆಲ್ಲ ಕರೆಯುತ್ತಿದ್ದುದು ತಂತಿಯಕ್ಕ ಎಂದೇ. ಮನೆಗೆ ಅಂಟಿಕೊಂಡಿದ್ದ ಆ ಷೆಡ್ಡಿನಲ್ಲಿ ಉದ್ದನೆಯ ಪ್ಲೈವುಡ್ ಹಲಗೆಯೊಂದು ಮೇಜಿನಂತೆ ಇತ್ತು. ಅದರ ಮೇಲಿನ ಗೋಡೆಗೆ ಒಂದು ಮೊಳೆ. ಮೊಳೆಯಲ್ಲಿ ಹೆಬ್ಬೆರಳ ಗಾತ್ರದ ಕರಿಯ ಗಂಟೊಂದು ತೂಗುತ್ತಿತ್ತು. ಹೊಸೆದ ಎರಡು ತಂತಿಗಳು, ಅವುಗಳ ಮೇಲೆ ಬೆಂದು ಉಬ್ಬಿದ ಟೇಪು. ಬೇಗ ಮುಗಿಸಿಕೊಡಿ ಎಂದು ಅವಸರ ಮಾಡಿದವರಿಗೆಲ್ಲ ಅವಳು ಆ ಗಂಟನ್ನು ತೋರಿಸುತ್ತಿದ್ದಳು. ಕಟ್ಟಿದ ಕೈ ಯಾರದೆಂದು ಮಾತ್ರ ಹೇಳುತ್ತಿರಲಿಲ್ಲ.

ಅದು ಎಂಜಿನ್ ಮೇಸ್ತ್ರಿಯ ಕೈ. ಮೂರು ವರ್ಷಗಳ ಹಿಂದೆ ಅವಳ ಮದುವೆ ಅವನೊಡನೆ ನಿಶ್ಚಯವಾಗಿತ್ತು. ಆಗ ಅವನು ರಿಪೇರಿ ಮಾಡಿ ಕಳಿಸಿದ ಕಾರೊಂದರ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದಿತು. ಓಡಿಸುತ್ತಿದ್ದ ತಾಯಿ ಕೂಸನ್ನು ಎತ್ತಿಕೊಂಡು ರಸ್ತೆಬದಿಗೆ ಹಾರಿಕೊಂಡಳು. ಯಾರಿಗೂ ಪೆಟ್ಟಾಗಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದವಳು ತಂತಿಯಕ್ಕನೇ. ಅವನು ತಪ್ಪನ್ನು ಅಲ್ಲಗಳೆಯಲಿಲ್ಲ. ಅವಸರದಲ್ಲಿ ಸುತ್ತಿದ್ದೆ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ ಎಂದಷ್ಟೇ ಹೇಳಿದ. ಗಂಟಿಗಿಂತ, ಬೇಯದೆ ಉಳಿದ ಕಡೆ ಕಾಣುತ್ತಿದ್ದ ಟೇಪಿನ ನುಣುಪು ಅವಳಿಗೆ ಹೇಸಿಗೆ ತಂದಿತು. ಒಳಗಿನ ಹುಳುಕನ್ನು ಇಷ್ಟು ಅಚ್ಚುಕಟ್ಟಾಗಿ ಮುಚ್ಚಬಲ್ಲವನ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗೆ? ಅವಳು ಮದುವೆಯನ್ನು ಮುರಿದಳು.

ಈಗ ಅವನನ್ನೇ ಕರೆತಂದವರು ಅವಳ ಚಿಕ್ಕಮ್ಮ. ಆ ಹಳೆಯ ಕಾರು ಅವರದು. ಅದರ ಎಂಜಿನ್ ಜಾಮ್ ಆಗಿ ವರ್ಷವಾಗಿತ್ತು. ಅಪಘಾತವಾದ ಬೇರೆ ಜಾತಿಯ ಕಾರಿನಿಂದ ಒಳ್ಳೆಯ ಎಂಜಿನ್ನೊಂದನ್ನು ಹುಡುಕಿಸಿ ಮೇಸ್ತ್ರಿಯ ಕೈಗೆ ಒಪ್ಪಿಸಿದ್ದರು. ಆ ಎಂಜಿನ್ ತನ್ನ ಕಂಪ್ಯೂಟರ್ ಹೇಳಿದಂತೆ ಮಾತ್ರ ನಡೆಯುವುದು. ಹಳೆಯ ಕಾರಿನ ತಂತಿಗಳಿಗೆ ಅದರ ಭಾಷೆ ತಿಳಿಯದು. ಆದ್ದರಿಂದ ವೈರಿಂಗಿನ ಕಟ್ಟನ್ನೆಲ್ಲ ಹೊಸದಾಗಿ, ಎಳೆ ಎಳೆಯಾಗಿ ಕಟ್ಟಬೇಕಿತ್ತು.

“ಎಂಜಿನ್ ಕೂರಿಸೋಕೆ ಅವನಂಥ ಕೈ ಇನ್ನೊಂದಿದ್ರೆ ತೋರಿಸು,” ಎಂದರು ಚಿಕ್ಕಮ್ಮ. “ಅವನನ್ನ ಕಟ್ಕೋ ಅಂತ ನಾನು ಹೇಳಿದ್ನಾ ನಿನಗೆ? ನನ್ನ ಕಾರು ಓಡ್ಬೇಕು ಅಂದೆ.”

ಮೇಸ್ತ್ರಿ ಬಂದ ದಿನ ಅವಳು ಗಂಟನ್ನು ತೆಗೆದಿಡಲಿಲ್ಲ. ದೀಪವನ್ನು ಅದರ ಕಡೆಗೆ ತಿರುಗಿಸಿಯೇ ಇಟ್ಟಿದ್ದಳು. ಒಳಗೆ ಕಾಲಿಟ್ಟ ಅವನ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

“ಗುರುತು ಸಿಕ್ತಾ ನಿಮಗೆ?” ಎಂದಳು.

“ಸಿಕ್ತು. ಚೆನ್ನಾಗೇ ಕಾಪಾಡಿದೀರಿ,” ಎಂದ ಅವನು.

ಹಿಂದೆ ಇಬ್ಬರೂ ಒಬ್ಬರನ್ನೊಬ್ಬರು ನೀನು ಎನ್ನುತ್ತಿದ್ದವರು. ಈಗ ಅವಳು ಅವನನ್ನು ಬಹುವಚನದಿಂದ ದೂರ ನಿಲ್ಲಿಸಿದ್ದಳು. ಅವನೂ ನಿಲ್ಲಿಸಿದಲ್ಲಿ ನಿಂತಿದ್ದ.

ಮೊದಲ ಎರಡು ದಿನ ದಾರದ ಕೆಲಸ. ಎಂಜಿನ್ನನ್ನು ಕಾರಿನಲ್ಲಿ ಕೂರಿಸಿದ ಮೇಲೆ, ಯಾವ ತಂತಿ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ದಾರ ಹಿಡಿದು ಅಳೆಯಬೇಕು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಬಾನೆಟ್ಟಿನಡಿ ಬಗ್ಗಿದಾಗ ಅವನ ಉಗುರುಗಳ ಸಂದಿನ ಕರಿಯ ಗ್ರೀಸು ಅವಳ ಕಣ್ಣೆದುರಿಗೇ ಬರುತ್ತಿತ್ತು. ಛೀ ಎನ್ನಿಸುತ್ತಿತ್ತು. ಛೀ ಎನ್ನಿಸಿದರೂ ಕಣ್ಣು ಆ ಬೆರಳುಗಳನ್ನು ಬಿಟ್ಟು ಬರುತ್ತಿರಲಿಲ್ಲ. ಅದಕ್ಕಾಗಿ ಕಣ್ಣಿನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು.

ಆಮೇಲೆ ಅಳತೆಗಳನ್ನು ಸೀಮೆಸುಣ್ಣದಿಂದ ಹಲಗೆಗೆ ಇಳಿಸಿ, ಕವಲೊಡೆಯುವಲ್ಲೆಲ್ಲ ಮೊಳೆ ಹೊಡೆದು, ಅವುಗಳ ನಡುವೆ ತಂತಿಗಳನ್ನು ಹಾಯಿಸತೊಡಗಿದಳು. ಬಣ್ಣಬಣ್ಣದ ಎಳೆಗಳು ಹೊಳೆಗೆ ಹೊಳೆ ಕೂಡುವಂತೆ ಬಂದು ಒಂದಾಗುತ್ತಿದ್ದವು.

ನಾಲ್ಕನೆಯ ದಿನ ಅವನು ಬ್ಯಾಟರಿಯ ದಪ್ಪ ಕೇಬಲ್ಲುಗಳಿಗೆ ತಾಮ್ರದ ತುದಿಗಳನ್ನು ಒತ್ತಿ ಕೂರಿಸಿ ತಂದ. ಅವನ ಎದುರಿಗೇ ಅವಳು ಒಂದನ್ನು ವೈಸಿನಲ್ಲಿ ಬಿಗಿದು, ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ತುದಿ ಅಲುಗಲಿಲ್ಲ. ನಂಬಿಕೆ ಬಾರದೆ ಅದನ್ನು ಗರಗಸದಿಂದ ಕೊಯ್ದು ನೋಡಿದಳು. ಒಳಗಿನ ಎಳೆಗಳು ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಕೂದಲೆಳೆಯ ಸಂದೂ ಇರಲಿಲ್ಲ.

ಯಾರ ಹತ್ತಿರ ಮಾಡಿಸಿದ್ದು ಎಂದು ಕೇಳಿದಳು.

“ನಾನೇ ಮಾಡಿದ್ದು. ಮೂರು ವರ್ಷದಲ್ಲಿ ಮೂರು ಬಕೆಟ್ ತುದಿ ಹಾಳು ಮಾಡಿದ್ಮೇಲೆ ಇದು ಬಂತು,” ಎಂದ. ಕೊಯ್ದ ತುಂಡನ್ನು ಎತ್ತಿಕೊಂಡು, “ಪರೀಕ್ಷೆ ಪಾಸಾದ್ರೂ ತಲೆ ಹೋಯ್ತು ಪಾಪ. ಇನ್ನೊಂದು ಮಾಡ್ಕೊಂಡು ಬರ್ತೀನಿ,” ಎಂದು ಕಣ್ಣಂಚಿನಲ್ಲಿ ನಕ್ಕ.

ಆ ನಗು ಮೂರು ವರ್ಷ ಹಳೆಯದು. ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಅವಳು ಮುಖ ತಿರುಗಿಸಿದಳು.

ಹೊರಡುವಾಗ ಅವನು ಹಲಗೆಯ ಬಳಿ ನಿಂತ. ಕಂಪ್ಯೂಟರಿಗೆ ಸೇರಿಸುವ ಕನೆಕ್ಟರಿನ ನಕ್ಷೆಯನ್ನು ಅವಳು ಅಲ್ಲಿ ಅಂಟಿಸಿದ್ದಳು: ಅರವತ್ತನಾಲ್ಕು ಮನೆಗಳು, ಒಂದೊಂದಕ್ಕೂ ಒಂದು ಅಂಕಿ, ಒಂದು ತಂತಿ. “ಇದು ಎದುರಿಂದ ನೋಡಿ ಬರೆದದ್ದಾ, ತಂತಿ ಹೋಗೋ ಕಡೆಯಿಂದಾನಾ?” ಎಂದು ಕೇಳಿದ.

“ತಂತಿ ಹೊಸೆದು ಟೇಪ್ ಸುತ್ತೋರು ನನಗೆ ಪಾಠ ಹೇಳ್ಬೇಡಿ,” ಎಂದಳು.

ಅವನು ಒಮ್ಮೆ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ಹೊರಟುಹೋದ.

ಮತ್ತೆ ಐದು ದಿನಗಳಲ್ಲಿ ಕಟ್ಟು ಸಿದ್ಧವಾಯಿತು. ಬಟ್ಟೆಯ ಟೇಪು ಸುತ್ತಿ, ಹೆರಳು ಹೆಣೆದಂತೆ ಇಳಿಬಿಟ್ಟ ಆ ಹಾರ್ನೆಸ್ಸನ್ನು ಇಬ್ಬರೂ ಸೇರಿ ಕಾರಿನೊಳಗೆ ಮಲಗಿಸಿದರು. ಮರುದಿನ ನಾಲ್ಕು ಗಂಟೆಗೆ ಬಂದು ಕಂಪ್ಯೂಟರ್ ಸೇರಿಸಿ ಕೀ ತಿರುಗಿಸೋಣ ಎಂದು ಅವನು ಹೇಳಿಹೋದ.

ಮರುದಿನ ಮಧ್ಯಾಹ್ನದಿಂದಲೇ ಚಿಕ್ಕಮ್ಮ ಉಡುಪು ಬದಲಿಸಿ, ಕೈಚೀಲ ಹಿಡಿದು ಕೂತಿದ್ದರು. ಷೆಡ್ಡಿನಲ್ಲಿ ತಂತಿಯಕ್ಕ ತನ್ನ ಕೊನೆಯ ನೇಮವನ್ನು ನಡೆಸುತ್ತಿದ್ದಳು. ಕಂಪ್ಯೂಟರನ್ನು ಜೋಡಿಸುವ ಮುನ್ನ ಬರಿಯ ಹಾರ್ನೆಸ್ಸಿಗೆ ಕರೆಂಟು ಕೊಟ್ಟು, ಕನೆಕ್ಟರಿನ ಒಂದೊಂದು ಮನೆಯನ್ನೂ ಮೀಟರಿನಿಂದ ಅಳೆಯುವುದು ಅವಳ ಪದ್ಧತಿ.

ಸೊನ್ನೆ ತೋರಿಸಬೇಕಿದ್ದ ಮೊದಲ ಮನೆಯಲ್ಲಿ ಮುಳ್ಳು ಹನ್ನೆರಡು ವೋಲ್ಟಿಗೆ ಹೋಗಿ ನಿಂತಿತು.

ಎರಡನೆಯದು ತಪ್ಪು, ಮೂರನೆಯದೂ ತಪ್ಪು. ಅವಳು ನಕ್ಷೆಯನ್ನು ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಹಾಳೆಯ ಬೆನ್ನಿನಿಂದ ನೋಡಿದಳು. ಎಲ್ಲವೂ ಸರಿಹೊಂದಿತು. ಎಂಜಿನ್ನಿನ ಕೈಪಿಡಿಯಲ್ಲಿ ಕನೆಕ್ಟರಿನ ಮುಖವನ್ನು ಬಿಡಿಸಿದ್ದರು. ಅವಳು ಅದನ್ನು ಬೆನ್ನೆಂದು ತಿಳಿದು ತಂತಿ ತುಂಬಿದ್ದಳು. ಕನ್ನಡಿಯಲ್ಲಿ ಕಂಡಂತೆ ಎಡವೆಲ್ಲ ಬಲವಾಗಿತ್ತು. ಸೇರಿಸಿ ಕೀ ತಿರುಗಿಸಿದ್ದರೆ ಕಂಪ್ಯೂಟರ್ ಆ ಕ್ಷಣವೇ ಬೆಂದುಹೋಗುತ್ತಿತ್ತು. ಈ ಎಂಜಿನ್ನಿನ ಗುಟ್ಟು ಬಲ್ಲ ಕಂಪ್ಯೂಟರ್ ಇನ್ನೊಂದಿರಲಿಲ್ಲ.

ಅರವತ್ತನಾಲ್ಕನ್ನೂ ಬಿಡಿಸಿ ಮತ್ತೆ ತುಂಬಬೇಕು. ನಾಳೆ ಮಧ್ಯಾಹ್ನದವರೆಗಿನ ಕೆಲಸ. ಗಂಟೆ ಮೂರಾಗಿತ್ತು.

ಚಿಕ್ಕಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಕೊಂಡರು. “ಅವನಿಗೆ ಯಾಕೆ ಹೇಳ್ಬೇಕು? ಏನೋ ಒಂದು ನೆಪ ಹೇಳಿ ನಾಳೆ ಬಾ ಅನ್ನು. ಆಮೇಲೆ ಸರಿಮಾಡ್ಕೊಂಡ್ರಾಯ್ತು,” ಎಂದರು. ಪಾಪ, ಪ್ರೀತಿಯಿಂದಲೇ ಹೇಳಿದರು.

ತಂತಿಯಕ್ಕ ಫೋನ್ ಮಾಡಿದಳು. ಒಂದು ರಿಲೇ ಸ್ವಿಚ್ಚು ಇನ್ನೂ ಬಂದಿಲ್ಲ, ಇವತ್ತು ಬರಬೇಡಿ ಎಂದಳು. ಆಗಲಿ, ನಾಳೆ ಬರ್ತೀನಿ ಎಂದು ಅವನು ಒಂದು ಮಾತೂ ಮರುಪ್ರಶ್ನಿಸದೆ ಒಪ್ಪಿಕೊಂಡ.

ಫೋನ್ ಕೆಳಗಿಟ್ಟಳು. ಕರಗಿದ ಟೇಪಿನ ಅಂಟು ನಾಲಗೆಗೆ ಮೆತ್ತಿದಂತಾಯಿತು. ನೀರು ಕುಡಿದಳು, ಹೋಗಲಿಲ್ಲ. ಬಾಯಿ ಮುಕ್ಕಳಿಸಿದಳು, ಹೋಗಲಿಲ್ಲ. ಎಷ್ಟು ನುಣುಪಾಗಿ ಬಂದಿತ್ತು ಆ ಸುಳ್ಳು! ಒಂದು ಸುಕ್ಕಿಲ್ಲ, ಒಂದು ಅಂಚು ಎದ್ದಿಲ್ಲ. ಗೋಡೆಯ ಗಂಟನ್ನು ನೋಡಿದಳು. ಮೂರು ವರ್ಷ ಊರಿಗೆಲ್ಲ ತೋರಿಸಿದ ಆ ಹೇಸಿಗೆಗೆ ಈಗ ತನ್ನ ಮನೆಯಲ್ಲೇ ಒಡಹುಟ್ಟು ಹುಟ್ಟಿತ್ತು.

ನಕ್ಷೆಯನ್ನು ಕೈಯಲ್ಲಿ ಹಿಡಿದು ಹೊರಟಳು.

ಅವನ ವರ್ಕ್‌ಶಾಪಿಗೆ ಅವಳು ಕಾಲಿಟ್ಟು ಮೂರು ವರ್ಷವಾಗಿತ್ತು. ನೆಲವನ್ನು ಒರೆಸಿದ್ದರು. ಬಾಗಿಲ ಪಕ್ಕದಲ್ಲಿ ಬಕೆಟ್ಟುಗಳು, ಒಂದಲ್ಲ, ನಿಜಕ್ಕೂ ಮೂರು. ಒಳಗೆ ವಕ್ರವಾಗಿ ಒತ್ತಿ ಕೆಟ್ಟ ತಾಮ್ರದ ತುದಿಗಳು. ಅವನು ನಲ್ಲಿಯ ಬಳಿ ಸೋಪು ಹಾಕಿ ಕೈ ತಿಕ್ಕುತ್ತಿದ್ದ.

“ರಿಲೇ ಹೋದ ವಾರವೇ ಬಂದಿದೆ,” ಎಂದಳು ಅವಳು. “ನಾನು ಸುಳ್ಳು ಹೇಳ್ದೆ. ಯಾವ ಕಡೆಯಿಂದ ನೋಡಿದ್ದು ಅಂತ ನೀವು ಕೇಳಿದ್ರಲ್ಲ. ತಪ್ಪು ಕಡೆಯಿಂದ.”

ಅವನು ಹಾಳೆಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

“ಕಂಪ್ಯೂಟರ್ ಸೇರಿಸಿದ್ರಾ?”

“ಇಲ್ಲ.”

“ಹಾಗಾದ್ರೆ ಏನೂ ಆಗಿಲ್ಲ.”

“ಆಗಿದೆ. ನಿಮ್ಮ ಗಂಟು ನೋಡಿ ನನಗೆ ವಾಕರಿಕೆ ಬಂದಿತ್ತು. ಇವತ್ತು ನನ್ನ ಬಾಯಿಂದ ಬಂದ ಮಾತಿಗೆ ಅದೇ ವಾಕರಿಕೆ ಬಂತು.”

“ಬರ್ಲಿ ಬಿಡಿ. ನನಗೆ ಮೂರು ವರ್ಷದಿಂದ ಬರ್ತಾ ಇದೆ,” ಎಂದ ಅವನು. “ಅದು ನಿಂತ ದಿನ ನಾನು ಮತ್ತೆ ಟೇಪ್ ಸುತ್ತೋಕೆ ಶುರುಮಾಡ್ತೀನಿ.”

ಅವಳು ಹಾಳೆಯನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು. “ನೀನು ಆವತ್ತೇ ಬಂದು ಹೇಳಿದ್ರೆ ಆಗ್ತಿತ್ತಲ್ಲ. ನಾನು ಬಿಚ್ಚಿ ನೋಡೋ ತನಕ ಯಾಕೆ ಸುಮ್ನಿದ್ದೆ?”

ಬಹುವಚನ ಎಲ್ಲಿ ಜಾರಿಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿರಲು ಅವನು ಅವಳನ್ನೇ ನೋಡುತ್ತ ನಿಂತ.

“ನೀನು ದೂರ ಹೋಗ್ತೀಯ ಅನ್ನೋ ಭಯ,” ಎಂದ. “ನಾನು ಹೇಳ್ಲಿಲ್ಲ, ಅದಕ್ಕೇ ನೀನು ಹೋದೆ. ಇವತ್ತು ನೀನು ಒಂದು ಗಂಟೆಯೊಳಗೆ ಬಂದು ಹೇಳ್ದೆ. ನನ್ನಿಂದ ಆಗದೇ ಇದ್ದದ್ದು ಅದು.”

ಅವನು ನಲ್ಲಿ ತಿರುಗಿಸಿ ಕೈಯ ಸೋಪನ್ನು ತೊಳೆದುಕೊಂಡ. ಬಳಿಕ ಅವನು, ಬಿಡಿಸುವುದಕ್ಕೆ ಇಬ್ಬರಿದ್ದರೆ ಬೇಗ ಮುಗಿಯುತ್ತದೆ ಎಂದು ಮೆಲ್ಲಗೆ ಹೇಳಿ, ಆ ಹಾರ್ನೆಸ್ಸನ್ನು ತಾನು ಮುಟ್ಟಬಹುದೇ ಎಂದು ಕೇಳಿದ.

“ಕೈ ತೊಳ್ಕೊಂಡು ಬಾ,” ಎಂದಳು.

ತೊಳೆದ ಕೈಯನ್ನು ಅವನು ಇನ್ನೊಮ್ಮೆ ತೊಳೆದ.

ಆ ಸಂಜೆ ಬೆಳಕಿರುವಷ್ಟು ಹೊತ್ತು, ಮರುದಿನ ಬೆಳಗ್ಗೆ ಮತ್ತೆ, ಅವಳು ಅಂಕಿ ಓದಿದಳು, ಅವನು ಸಣ್ಣ ಕಡ್ಡಿಯಿಂದ ತಂತಿಯ ತುದಿಯ ಟರ್ಮಿನಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾದ ಮನೆಗೆ ತುಂಬಿದ. ಭುಜಕ್ಕೆ ಭುಜ ತಗುಲಿದಾಗ ಯಾರೂ ಸರಿಯಲಿಲ್ಲ. ಮಧ್ಯಾಹ್ನಕ್ಕೆ ಬಹಳ ಮೊದಲೇ ಮೀಟರು ಅರವತ್ತನಾಲ್ಕು ಮನೆಗಳಲ್ಲೂ ನಿಜವನ್ನೇ ನುಡಿಯಿತು. ಕಂಪ್ಯೂಟರ್ ಸೇರಿಸಿದ ಮೇಲೆ ಚಿಕ್ಕಮ್ಮ ತಮ್ಮ ಕೈಯಾರೆ ಕೀ ತಿರುಗಿಸಿದರು. ಎಂಜಿನ್ ಒಮ್ಮೆ ಕೆಮ್ಮಿತು; ದೇವರ ದಯೆ, ಎರಡನೆಯ ಸಲಕ್ಕೆ ಹೊತ್ತಿಕೊಂಡು ಮಂದ್ರಸ್ಥಾಯಿಯಲ್ಲಿ ನೆಲೆನಿಂತಿತು. ಹತ್ತಿ ಕೂತ್ಕೊಳ್ಳಿ, ನಾನು ಮುದುಕಿಯಾಗೋದ್ರೊಳಗೆ ಒಂದು ಸುತ್ತು ಹೋಗ್ಬೇಕು ಎಂದು ಅವರು ಕಾರನ್ನು ಷೆಡ್ಡಿನಿಂದ ಅಂಗಳಕ್ಕೆ ಇಳಿಸಿ ಕೂಗಿದರು.

ತಂತಿಯಕ್ಕ ಮಾತ್ರ ಷೆಡ್ಡಿಗೆ ಮರಳಿದಳು. ಗೋಡೆಗೆ ಇನ್ನೊಂದು ಮೊಳೆ ಹೊಡೆದು, ತನ್ನ ತಿರುಗುಮುರುಗಾದ ನಕ್ಷೆಯನ್ನು ಗಂಟಿನ ಪಕ್ಕಕ್ಕೇ ತೂಗುಹಾಕಿದಳು. ಹಿಂದೆ ಬಂದು ನಿಂತವನು ತನ್ನ ಗಂಟನ್ನು ಇನ್ನಾದರೂ ತೆಗೆಯಬಹುದೇ ಎಂದು ಕೇಳಿದ. ಬೇಡ, ಎರಡೂ ಇಲ್ಲೇ ಇರಲಿ ಎಂದಳು.

“ಮೂರು ವರ್ಷದ ಹಿಂದೆ ಕೇಳಿದ್ದನ್ನೇ ಇನ್ನೊಂದ್ಸಲ ಕೇಳಿದ್ರೆ?” ಎಂದ ಅವನು.

ಅವಳು ಅವನ ಕಡೆ ತಿರುಗಿದಳು. ಅವನ ಕೈ ಹಿಡಿದು, ಆವತ್ತು ಕೇಬಲ್ಲಿನ ತುದಿಯನ್ನು ಎಳೆದಂತೆ, ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ಕೈ ಬಿಡಲಿಲ್ಲ. ಇನ್ನೊಮ್ಮೆ ಎಳೆದಳು. ಬಿಡಲಿಲ್ಲ.

ಹೊರಗೆ ಚಿಕ್ಕಮ್ಮ ಹಾರನ್ ಒತ್ತಿದರು. ಅವಳ ಅಂಗೈಗೆ ಗ್ರೀಸಿನ ಮಸಿ ಹತ್ತಿತ್ತು. ಅದನ್ನು ಒಮ್ಮೆ ನೋಡಿಕೊಂಡು, ಒರೆಸದೆ, ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಅವನ ಪಕ್ಕಕ್ಕೆ ಕೂತಳು.