ಟವೆಲ್ ಕೆಳಗಿನ ನೇಪಾಳಿ ರೂಪಾಯಿ

ಜಂಪಣ್ಣ ನನ್ನ ಕೈಚೀಲವನ್ನು ಸೂಳೆಕೆರೆಗೆ ಎಸೆದ.

ಚೀಲ ಒಮ್ಮೆ ತೇಲಿತು. ನೀರು ಕುಡಿಯಿತು. ಮುಳುಗಿತು.

"ಮುಂದಿನದು ನೀವೇ ಮೇಡಂ," ಎಂದ. ಮರ್ಯಾದೆ ಬಿಡದೆ!

ಮಧ್ಯಾಹ್ನ ಒಂದು ಗಂಟೆ. ಏರಿಯ ಮೇಲೆ ಅಡ್ಡ ನಿಂತ ಅವನ ಜೀಪು. ಅದರ ಚಕ್ರದ ಬಳಿ ಬಿದ್ದ ನನ್ನ ಲೂನಾ. ನನ್ನ ಬೆನ್ನಿಗೆ ತಡೆಗಲ್ಲು. ಅದರಾಚೆ ಏನಿದೆ ಎಂದು ನಾನು ತಿರುಗಿ ನೋಡಲಿಲ್ಲ. ನನಗೆ ಈಜು ಬರುವುದಿಲ್ಲ.

ನಾನು ಹುಷಾರಿನ ಹೆಂಗಸು. ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದಿಲ್ಲ. ಮನೆಗೆ ಎರಡು ಬೀಗ. ಆದರೂ ಚನ್ನಗಿರಿ ದಾಟುವಾಗ ಕನ್ನಡಿಯಲ್ಲಿ ಕಂಡ ಜೀಪನ್ನು ಅಡಿಕೆ ತರಲು ಹೊರಟ ಜೀಪು ಎಂದುಕೊಂಡೆ.

ತಪ್ಪು ನನ್ನದೇ.

ಇಷ್ಟಕ್ಕೂ ವಿಷಯವೇನು ಎಂದು ಕೇಳುತ್ತೀರಿ. ಕೇಳಿದರೆ ನಿಮಗೂ ಹೇಸಿಗೆಯಾಗುತ್ತದೆ. ನಮ್ಮ ನೂರು ರೂಪಾಯಿಗೆ ನೇಪಾಳದ ಎಷ್ಟು ರೂಪಾಯಿ ಸಿಗಬೇಕು? ಇಷ್ಟೇ ವಿಷಯ. ಇಷ್ಟಕ್ಕೇ ಒಬ್ಬ ಮನುಷ್ಯ ಇನ್ನೊಬ್ಬಳನ್ನು ಕೆರೆಗೆ ನೂಕಲು ನಿಂತಿದ್ದ...

ನಾನು ಕಸ್ತೂರಿ. ಬಿ.ಕಾಂ. ಆರು ವರ್ಷ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಹೊರದೇಶದ ಹಣದ ಕೌಂಟರಿನಲ್ಲಿ ಕೂತಿದ್ದೆ. ಮ್ಯಾನೇಜರನ ಒಂದು ಸುಳ್ಳಿಗೆ ಸಹಿ ಹಾಕಲಾರದೆ ಬಿಟ್ಟು ಬಂದೆ. ಈಗ ಚನ್ನಗಿರಿಯಲ್ಲಿ, ಮೋಸ ಹೋದವರ ಹಣ ವಸೂಲಿ ಮಾಡಿಕೊಡುವುದು ನನ್ನ ಕೆಲಸ. ಊರವರಿಗೆ ನಾನು ಕಸ್ತೂರಮ್ಮ. ಎದುರಿಗೆ. ಬೆನ್ನ ಹಿಂದೆ ಬೇರೆ ಹೆಸರಿದೆ.

ಸಾವಿರದ ಒಂಬೈನೂರ ಎಂಬತ್ತೆರಡರ ಮಾರ್ಚ್. ಆ ಗುರುವಾರ ಹೊನ್ನಾಳಿಯಿಂದ ಪ್ರೇಮಮ್ಮ ಬಂದಳು. ಅವಳ ಗಂಡ ಅಂಜಿನಪ್ಪ ಅಡುಗೆಯವನು. ಹಿಂದಿನ ಸಲದ ಪಶುಪತಿನಾಥನ ಯಾತ್ರೆಯ ಬಸ್ಸಿನ ಜೊತೆ ಅಡುಗೆಗೆಂದು ಕಾಠ್ಮಂಡುವಿಗೆ ಹೋದವನು ಮೆಟ್ಟಿಲು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಬಸ್ಸು ಅವನನ್ನು ಅಲ್ಲೇ ಬಿಟ್ಟು ಬಂದಿತ್ತು. ಈಗ ಎದ್ದು ಓಡಾಡುತ್ತಿದ್ದ, ಆದರೆ ನರ್ಸಿಂಗ್ ಹೋಮಿನವರು ಬಿಡುತ್ತಿರಲಿಲ್ಲ. ಬಿಲ್ಲು ನಾಲ್ಕು ಸಾವಿರ ನೇಪಾಳಿ ರೂಪಾಯಿ. ಪೂರ್ತಿ ಕಟ್ಟಿ ಕರೆದುಕೊಂಡು ಹೋಗಿ ಎಂದಿದ್ದರು.

ಪ್ರೇಮಮ್ಮ ಬಳೆ ಮಾರಿ ನಮ್ಮ ಎರಡು ಸಾವಿರದ ಎಂಟುನೂರು ರೂಪಾಯಿ ಹೊಂದಿಸಿದ್ದಳು. ಅದನ್ನು ನೇಪಾಳಿ ನೋಟಿಗೆ ಬದಲಿಸಿಕೊಂಡಾಗ ಕೈಗೆ ಬಂದದ್ದು ಅಷ್ಟೇ. ಎರಡು ಸಾವಿರದ ಎಂಟುನೂರು. ಬಾಕಿಗೆ ದಯೆ ತೋರಿಸಿ ಎಂದು ನರ್ಸಿಂಗ್ ಹೋಮಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಿ ಎಂದಳು.

ನಾನು ಪೆನ್ನು ಮುಚ್ಚಿದೆ.

ಬ್ಯಾಂಕಿನ ದರ ನೂರಕ್ಕೆ ನೂರಾ ನಲವತ್ತೈದು. ಏರುವುದಿಲ್ಲ, ಇಳಿಯುವುದಿಲ್ಲ, ಎರಡು ಸರಕಾರಗಳು ಕಟ್ಟಿಟ್ಟ ದರ. ಅದರಂತೆ ಅವಳಿಗೆ ನಾಲ್ಕು ಸಾವಿರದ ಅರವತ್ತು ಬರಬೇಕಿತ್ತು. ಬಿಲ್ಲು ತೀರಿ ದಾರಿಯ ಟೀ ಖರ್ಚಿಗೂ ಉಳಿಯುತ್ತಿತ್ತು. ಅವಳ ಗಂಡ ಮನೆಗೆ ಬರುವುದು ಆ ದರದ ಮೇಲೆ ನಿಂತಿತ್ತು.

"ಯಾರು ಬದಲಿಸಿಕೊಟ್ಟದ್ದು?"

"ಷಣ್ಮುಖಪ್ಪ ಸಾವ್ಕಾರ್ರು. ರೂಪಾಯಿಗೆ ರೂಪಾಯಿ ಕೊಟ್ರು ಅಕ್ಕಾರೆ. ದೇವರಂಥೋರು."

ದೇವರಂಥೋರು!

ಷಣ್ಮುಖಪ್ಪ ಚನ್ನಗಿರಿಯ ಅಡಿಕೆ ಮಂಡಿಯ ಸಾಹುಕಾರ. ಹಣೆ ತುಂಬ ವಿಭೂತಿ. ಪಶುಪತಿನಾಥನ ಯಾತ್ರೆಗೆ ಈ ಸಲವೂ ಬಸ್ಸು ಹೊರಡಿಸಿದ್ದ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನಿಂದ, ಪ್ರೇಮಮ್ಮನೂ ಸೇರಿ, ನಲವತ್ತೆರಡು ಜನ. ಗಡಿಯಾಚೆ ನಮ್ಮ ನೋಟು ಸಿಕ್ಕಿದರೆ ಜೈಲು ಎಂದು ಹೆದರಿಸಿ, ಎಲ್ಲರ ಹಣವನ್ನೂ ಇಲ್ಲೇ ಬದಲಿಸಿಕೊಟ್ಟಿದ್ದ. ಹಿಂದಿನ ಸಲ ನೂರಾ ನಲವತ್ತೈದರಂತೆ ಕಟ್ಟುಕಟ್ಟಾಗಿ ತಂದಿಟ್ಟ ನೋಟುಗಳು.

ದರ ಹೇಗೆ ಮಾತಾಡಿದಿರಿ ಎಂದು ಪ್ರೇಮಮ್ಮನನ್ನು ಕೇಳಿದೆ. ಅವಳು ಮಾತಾಡಿರಲಿಲ್ಲ. ಅವಳ ಪರವಾಗಿ ಮೈದುನ ಕೈ ಕೊಟ್ಟಿದ್ದ. ಟವೆಲ್ ಕೆಳಗೆ.

ಮಂಡಿಯ ರೀತಿ ನಿಮಗೆ ಗೊತ್ತಿರಬಹುದು. ಕೊಳ್ಳುವವನು, ಮಾರುವವನು ಕೈ ಹಿಡಿಯುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಹತ್ತು. ಅರ್ಧ ಬೆರಳು ಐದು. ಇಡೀ ಕೈ ಐವತ್ತು. ಬಾಯಿ ಬಿಡುವಂತಿಲ್ಲ. ಒಪ್ಪಿದ ದರವನ್ನು ಆಮೇಲೆ ಹೆಂಡತಿಗೂ ಹೇಳುವುದಿಲ್ಲ. ಅಡಿಕೆಗೆ ಸರಿ. ಅಡಿಕೆಯ ದರ ಚೀಲಚೀಲಕ್ಕೂ ಬೇರೆ. ಸರಕಾರ ಕಟ್ಟಿದ ದರಕ್ಕೂ ಟವೆಲ್ ಮುಚ್ಚಿ ಕೂತರಲ್ಲ, ಇವರನ್ನು ಏನೆಂದು ಕರೆಯಲಿ?

ಬೇರೆಯವರಿಗೆ ಎಷ್ಟು ಕೊಟ್ಟಿದ್ದಾನೆ ಎಂದು ತಿಳಿದರೆ ಅವನ ಎದುರು ನಿಲ್ಲಬಹುದು. ಶುಕ್ರವಾರ ಬೆಳಿಗ್ಗೆ ನ್ಯಾಮತಿಗೆ ಹೋದೆ. ಹನ್ನೊಂದು ಮನೆ ಹತ್ತಿದೆ, ಇಳಿದೆ. ಕಾಫಿ ಕೊಟ್ಟರು. ದರ ಹೇಳಲಿಲ್ಲ. "ಟವೆಲ್ ಕೆಳಗಿನ ಮಾತು ಹೊರಗೆ ಹಾಕಾಕೆ ನಾವೇನು ಮಾನ ಬಿಟ್ಟಿಲ್ರೀ," ಎಂದರು ಮಲ್ಲಿಕಾರ್ಜುನಪ್ಪ ಎಂಬ ಹಿರಿಯರು. ಎಲ್ಲರ ಮುಖದಲ್ಲೂ ಒಂದೇ ಕಳ್ಳ ನಗು. ಪಕ್ಕದ ಮನೆಯವನಿಗಿಂತ ತನಗೆ ಎರಡು ರೂಪಾಯಿ ಹೆಚ್ಚು ಸಿಕ್ಕಿದೆ ಎಂಬ ನಗು. ಹನ್ನೊಂದನೆಯ ಮನೆಯ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಸಂಜೆ ಷಣ್ಮುಖಪ್ಪನ ಮಂಡಿಗೇ ಹೋದೆ. ಬ್ಯಾಂಕಿನ ಗೆಳತಿಯೊಬ್ಬಳು ಹಿಂದೆ ಕಳಿಸಿದ್ದ, ಮೊಹರು ಒತ್ತಿದ ದರಪಟ್ಟಿ ಮುಂದಿಟ್ಟೆ. ಪ್ರೇಮಮ್ಮನಿಗೆ ಇನ್ನೂ ಸಾವಿರದ ಇನ್ನೂರ ಅರವತ್ತು ಕೊಟ್ಟುಬಿಡಿ, ಉಳಿದದ್ದು ಉಳಿದವರು ಕೇಳಿಕೊಳ್ಳಲಿ ಎಂದೆ.

ಅವನು ಕನ್ನಡಕ ಹಾಕಿಕೊಂಡು ಓದಿದ. ನಿಧಾನವಾಗಿ. ಮಡಿಸಿ ವಾಪಸ್ ಕೊಟ್ಟ.

"ಕೈ ಕೊಟ್ಟ ಮೇಲೆ ಮುಗೀತು ತಂಗಿ. ನೀವು ಓದಿದೋರು. ಮಂಡಿ ರೀತಿ ಕೆಡಿಸಬಾರದು."

ಮಾತು ನನ್ನ ಜೊತೆ. ಕಣ್ಣು ಮಾತ್ರ ಬಾಗಿಲಲ್ಲಿ ನಿಂತಿದ್ದ ಅವನ ಜೀಪಿನ ಡ್ರೈವರ್ ಜಂಪಣ್ಣನ ಮೇಲೆ.

ಶನಿವಾರ ಹನ್ನೊಂದಕ್ಕೆ ಬಸ್ಸು ಚನ್ನಗಿರಿ ಬಿಟ್ಟಿತು. ಷಣ್ಮುಖಪ್ಪ ಮುಂದಿನ ಸೀಟಿನಲ್ಲಿ. ಹೊನ್ನಾಳಿಯಲ್ಲೇ ಹತ್ತಿದ್ದ ಪ್ರೇಮಮ್ಮ ಹಿಂದಿನ ಸೀಟಿನಲ್ಲಿ. ಅವಳ ಪಕ್ಕ ಜಂಪಣ್ಣನ ತಾಯಿ. ದಾವಣಗೆರೆಯಲ್ಲಿ ಊಟ. ನಾಲ್ಕಕ್ಕೆ ಜಗಳೂರಿನಲ್ಲಿ ಕೊನೆಯ ಹದಿನಾಲ್ಕು ಜನ. ಅಲ್ಲಿಂದಾಚೆ ಬಸ್ಸು ನನ್ನ ಕೈಗೆ ಸಿಗುವುದಿಲ್ಲ. ಹೇಗಾದರೂ ದಾವಣಗೆರೆಯಲ್ಲಿ ಹಿಡಿಯಬೇಕೆಂದು ಲೂನಾ ಹತ್ತಿ ಹಿಂದೆ ಬಿದ್ದೆ.

ಆಮೇಲಿನದು ಹೇಳಿದೆ. ಏರಿ. ಜೀಪು. ಚೀಲ.

ದರಪಟ್ಟಿ ಚೀಲದಲ್ಲಿತ್ತು.

ಜಂಪಣ್ಣ ಒಂದು ಹೆಜ್ಜೆ ಮುಂದೆ ಬಂದ. ನಾನು ಕೇಳಿದೆ.

"ನಿಮ್ಮ ತಾಯಿ ದುರುಗಮ್ಮನವರೂ ಅದೇ ಬಸ್ಸಿನಲ್ಲಿ ಇದ್ದಾರಲ್ಲವೇ?"

"ಅವ್ವನ ಸುದ್ದಿ ಬ್ಯಾಡ."

"ಅವರ ಹಣಕ್ಕೆ ಕೈ ಕೊಟ್ಟವರು ಯಾರು?"

"ನಾನೇ."

"ಎಷ್ಟಕ್ಕೆ?"

"ಹೇಳಾಕೆ ಬರಲ್ಲ ಮೇಡಂ. ಟವೆಲ್ ಕೆಳಗಿಂದು."

"ಹೇಳಬೇಡಿ, ಹಾಗಾದರೆ. ತೋರಿಸಿ."

ಬಲಗೈ ಚಾಚಿದೆ. ಅದರ ಮೇಲೆ ಸೆರಗು ಹೊದಿಸಿದೆ.

ಅವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಕೊಲ್ಲಲು ನಾಚಿಕೆಯಿಲ್ಲದವನಿಗೆ ಇದಕ್ಕೆ ನಾಚಿಕೆ! ಕೊನೆಗೆ ಕೈ ಒಳಗೆ ಬಂತು. ನನ್ನ ತಾಯಿ ನೋಡಿದ್ದರೆ ತಾನೇ ನನ್ನನ್ನು ಕೆರೆಗೆ ನೂಕುತ್ತಿದ್ದಳು.

ಇಡೀ ಕೈ ಒಮ್ಮೆ. ಆಮೇಲೆ ಮೂರು ಬೆರಳು.

ಎಂಬತ್ತು.

ತಾಯಿಯ ನೂರಕ್ಕೆ ಎಂಬತ್ತು! ಹನ್ನೆರಡು ವರ್ಷ ಸಾಹುಕಾರನ ಜೀಪು ಓಡಿಸಿದವನಿಗೆ, ಅವನಿಗಾಗಿ ಜನರನ್ನು ಹೊಡೆದವನಿಗೆ, ಪ್ರೇಮಮ್ಮನಿಗಿಂತಲೂ ಕೆಟ್ಟ ದರ. ನಂಬಿದವನು ಇನ್ನೊಬ್ಬರನ್ನು ಕೇಳುವುದಿಲ್ಲ ಎಂದು ಷಣ್ಮುಖಪ್ಪನಿಗೆ ಗೊತ್ತಿತ್ತು.

ನಾನು ಕೈ ಬಿಡಲಿಲ್ಲ. ಬ್ಯಾಂಕಿನ ದರವನ್ನು ಅವನ ಅಂಗೈಗೆ ತಿರುಗಿಸಿ ಒತ್ತಿದೆ. ಇಡೀ ಕೈ, ಎರಡು ಸಲ. ನಾಲ್ಕು ಬೆರಳು. ಅರ್ಧ ಬೆರಳು.

ಅವನ ತುಟಿ ಅಲ್ಲಾಡಿತು.

"ಬ್ಯಾಂಕಿಂದಾ?"

"ಬ್ಯಾಂಕಿನದು."

ಕೈ ತೆಗೆದು ಅಂಗಿಗೆ ಒರೆಸಿಕೊಂಡ. ಆಮೇಲೆ, ಜಗಳೂರಿನಲ್ಲಿ ಹನುಮಂತಮ್ಮ ಎಂಬ ಹೆಂಗಸಿಗೆ ಯಜಮಾನರು ಹತ್ತಿರ ಹತ್ತಿರ ಅಷ್ಟೇ ಕೊಟ್ಟಿದ್ದನ್ನು ತಾನು ನೋಡಿದ್ದೇನೆ ಎಂದ. ಯಾರಿಗೂ ಹೇಳಬೇಡ ಎಂದಿದ್ದರಂತೆ. ಯಾರೋ ಬಡವಳು, ಧರ್ಮಕ್ಕೆ ಕೊಟ್ಟರು ಎಂದುಕೊಂಡಿದ್ದನಂತೆ.

ಲೂನಾ ಎತ್ತಿ ಜೀಪಿನ ಹಿಂದಕ್ಕೆ ಹಾಕಿದ.

"ಹತ್ರಿ."

ತ್ಯಾವಣಿಗೆ ದಾಟಿದ್ದು ಗೊತ್ತಾಗಲಿಲ್ಲ. ದಾವಣಗೆರೆಯ ಊಟದ ಹೋಟೆಲಿನ ಮುಂದೆ ಬಸ್ಸಿರಲಿಲ್ಲ. ಜಗಳೂರಿನ ರಸ್ತೆಯಲ್ಲಿ ರೇಡಿಯೇಟರ್ ಕುದಿಯಿತು. ಜಂಪಣ್ಣ ಹೊಲದ ಬಾವಿಯಿಂದ ನೀರು ಹೊತ್ತು ತಂದ. ಇಪ್ಪತ್ತು ನಿಮಿಷ ಹೋಯಿತು. ಅಷ್ಟೂ ಹೊತ್ತು ನಾನು ಉಗುರು ಕಚ್ಚಿದೆ. ಈ ಮನುಷ್ಯನ ಮನಸ್ಸು ಮತ್ತೆ ತಿರುಗಿದರೆ ಇಲ್ಲಿ ಕೂಗಿದರೂ ಕೇಳುವವರಿಲ್ಲ ಎಂಬುದನ್ನೂ ಗಮನಿಸಿದೆ.

ತಿರುಗಲಿಲ್ಲ.

ನಾಲ್ಕೂ ಹತ್ತು. ಜಗಳೂರು ಬಸ್ ಸ್ಟ್ಯಾಂಡ್. ಯಾತ್ರೆಯ ಬಸ್ಸಿನ ಎಂಜಿನ್ ಆನ್ ಆಗಿತ್ತು. ಜಂಪಣ್ಣ ಜೀಪನ್ನು ಅದರ ಮೂತಿಗೆ ಒತ್ತಿ ನಿಲ್ಲಿಸಿದ.

ಷಣ್ಮುಖಪ್ಪ ಇಳಿದು ಬಂದ. ಜಂಪಣ್ಣನ ಪಕ್ಕ ನನ್ನನ್ನು ನೋಡಿದ. ವಿಭೂತಿ ಬೆವರಿಗೆ ಕರಗತೊಡಗಿತ್ತು.

ಹನುಮಂತಮ್ಮ ಯಾರು ಎಂದು ನಾನು ಬಸ್ಸಿನತ್ತ ಕೂಗಿದೆ. ಕಿಟಕಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ದಪ್ಪ ಮುಖವೊಂದು ಹೊರಬಂತು. ನೂರಕ್ಕೆ ಎಷ್ಟು ಕೊಟ್ಟರು ನಿಮಗೆ ಎಂದೆ.

"ನೂರಾ ನಲವತ್ತು! ಟವೆಲ್ ಕೆಳಗೆ ಕೈ ಕೊಡು ಅಂದ ಈ ಮುದುಕ. ನಮ್ಮ ಯಜಮಾನ್ರಿಗೇ ಬೀದಿಯಾಗೆ ಕೈ ಕೊಟ್ಟೋಳಲ್ಲ ನಾನು, ನಿನಗೆ ಕೊಡ್ತೀನಾ, ಬಾಯಾಗೆ ಹೇಳು ಅಂದೆ. ಹೇಳಿದ. ಯಾಕೆ, ಕಮ್ಮಿ ಆತಾ?"

ಬಸ್ಸಿನಲ್ಲಿ ನಾಲ್ಕೂ ಊರಿನ ಗಂಡಸರು ಮನಸ್ಸಿನಲ್ಲೇ ಬೆರಳು ಮಡಿಸುತ್ತಿರುವುದು ನನಗೆ ಕಾಣುತ್ತಿತ್ತು.

ನಾನು ಷಣ್ಮುಖಪ್ಪನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಪರವಾನಗಿ ಇಲ್ಲದೆ ಹೊರದೇಶದ ನೋಟಿನ ವ್ಯಾಪಾರಕ್ಕೆ ಏನು ಶಿಕ್ಷೆ ಎಂಬುದು ನನಗೆ ಬಾಯಿಪಾಠ. ಚನ್ನಗಿರಿ ಠಾಣೆಯವರು ನಿಮ್ಮ ಕಾಫಿ ಕುಡಿದಿರಬಹುದು. ಇದು ಜಗಳೂರು. ಜಿಲ್ಲೆಯೇ ಬೇರೆ. ಇಲ್ಲಿಯ ಠಾಣೆಯವರಿಗೆ ನೀವು ಇನ್ನೂ ಕಾಫಿ ಕೊಟ್ಟಿಲ್ಲ.

ಅವನು ಜಂಪಣ್ಣನತ್ತ ನೋಡಿದ. ಹಳೆಯ ಅಭ್ಯಾಸ.

ಜಂಪಣ್ಣ ಗಟ್ಟಿಯಾಗಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದ.

"ನಮ್ಮವ್ವನಿಗೆ ಎಂಬತ್ತು ಕೊಟ್ರಲ್ಲ ಸಾವ್ಕಾರೆ."

ಷಣ್ಮುಖಪ್ಪನ ಕೈ ತಾನಾಗಿ ಸೂಟ್‌ಕೇಸಿಗೆ ಹೋಯಿತು. ಪ್ರೇಮಮ್ಮನಿಗೆ ಸಾವಿರದ ಇನ್ನೂರ ಅರವತ್ತು. ಐನೂರು ಬದಲಿಸಿದ್ದ ದುರುಗಮ್ಮನಿಗೆ ಮುನ್ನೂರ ಇಪ್ಪತ್ತೈದು. ಪ್ರೇಮಮ್ಮ ಆ ನೋಟುಗಳನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಎದೆಯ ಮೇಲೆ ಕೈ ಒತ್ತಿ ಕೂತಳು. ನಾನು ಕೇಳದಿದ್ದರೂ ನನ್ನ ಕಮಿಷನ್ ಎಷ್ಟು ಎಂದಳು. ಗಂಡನ ಜೊತೆ ಬಂದಾಗ ಕೊಡಿ ಎಂದೆ.

ಬಸ್ಸಿಗೆ ತಿರುಗಿದೆ. ಸೂಟ್‌ಕೇಸು ಇನ್ನೂ ತೆರೆದೇ ಇತ್ತು. ಉಳಿದವರೂ ಇಳಿದು ಬಂದು ತಮ್ಮ ದರ ಹೇಳಿ, ಈಗಲೇ ಕೊಡಿಸುತ್ತೇನೆ ಎಂದೆ.

ಯಾರೂ ಏಳಲಿಲ್ಲ.

ಒಬ್ಬರು ಚಪ್ಪಲಿ ಸರಿಮಾಡಿಕೊಂಡರು. ಒಬ್ಬರು ನಿದ್ದೆ ಹೋದರು, ಇದ್ದಕ್ಕಿದ್ದಂತೆ. ನ್ಯಾಮತಿಯ ಮಲ್ಲಿಕಾರ್ಜುನಪ್ಪನವರು ಕಿಟಕಿಯ ಗಾಜು ಎಳೆದುಕೊಂಡರು. ತಾನು ಎಷ್ಟಕ್ಕೆ ಟೋಪಿ ಹಾಕಿಸಿಕೊಂಡೆ ಎಂದು ಪಕ್ಕದವನಿಗೆ ತಿಳಿಯುವುದಕ್ಕಿಂತ, ಹಣ ಹೋದರೆ ಹೋಗಲಿ! ಅವರ ಹೆಂಡಂದಿರು ಅವರನ್ನೇ ನೋಡುತ್ತಿದ್ದರು. ಬಾಯಿ ಬಿಡುವಂತಿರಲಿಲ್ಲ.

ಷಣ್ಮುಖಪ್ಪ ಒಂದು ನಿಮಿಷ ಕಾದ. ಸೂಟ್‌ಕೇಸು ಮುಚ್ಚಿದ. ಕರಗಿದ ವಿಭೂತಿಯನ್ನು ಒರೆಸಿ, ಹೊಸದಾಗಿ ಬಳಿದುಕೊಂಡು, ಮುಂದಿನ ಸೀಟು ಹತ್ತಿದ. ಅವರೆಲ್ಲ ಅವನಿಗೆ ಜಾಗ ಬಿಟ್ಟುಕೊಟ್ಟರು.

ಜಂಪಣ್ಣ ಜೀಪು ಹಿಂದಕ್ಕೆ ತೆಗೆದ. ಬಸ್ಸು ಹೊರಟಿತು. ನಾನು ಅಲ್ಲೇ ನಿಂತು ಧೂಳು ಕುಡಿದೆ.

ಊರ ಗಂಡಸರ ಮಾನದ ದರ ಎಷ್ಟೆಂದು ಅವತ್ತು ನನಗೆ ತಿಳಿಯಿತು. ಒಬ್ಬೊಬ್ಬರು ಸಾವಿರ ಬದಲಿಸಿದ್ದರೆ, ತಲೆಗೆ ಸುಮಾರು ನಾನೂರೈವತ್ತು ರೂಪಾಯಿ...

ಅದೂ ನೇಪಾಳದ್ದು.