ಒಳಮನೆಯ ದನಿ

"ನಮ್ಮಮ್ಮನ ದನಿ ಕಳುವಾಗಿದೆ," ಎಂದು ಚಿತ್ರಗಾರ್ತಿ ಬಂದು ನಿಂತಾಗ ನನ್ನ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಊರಿಗೆಲ್ಲ ಪತ್ತೇದಾರಿಣಿಯಾದ ಅವರಿಗೆ ನಾನು ಸೊಸೆ, ಸಾರಥಿ, ಬೈಸಿಕೊಳ್ಳುವವಳು, ಮೂರೂ ಆಗಿದ್ದೆ.

ಚಿತ್ರಗಾರ್ತಿ, ಅವಳ ಅಪ್ಪ, ಒಬ್ಬ ಕತೆಗಾರ ಸೇರಿ ವರ್ಚುವಲ್ ರಿಯಾಲಿಟಿ ಕಾದಂಬರಿ ಮಾಡುತ್ತಿದ್ದರು; ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ಒಳಹೊಕ್ಕು ಓದುವಂಥದ್ದು. ಅದರ ಕೊನೆಯಲ್ಲಿ, ತೀರಿಕೊಂಡ ಅಮ್ಮನ ದನಿ "ಬಂದ್ಯಾ ಮಗಳೇ?" ಎನ್ನಬೇಕಿತ್ತು. ಈಗ ಅಲ್ಲಿ ಬರೀ ಮೌನ. ಆ ಧ್ವನಿಮುದ್ರಣಕ್ಕೆ ಬೇರೆ ಪ್ರತಿ ಇರಲಿಲ್ಲ.

ಅವರ ಕಚೇರಿಯಲ್ಲಿ ನಾನೇ ಮೊದಲು ಕನ್ನಡಕ ಹಾಕಿಕೊಂಡೆ. ತಿಳಿಬಿಸಿಲ ಪಡಸಾಲೆ, ಮೆಲ್ಲಗೆ ಅಲುಗುವ ಪರದೆ. ಬಲಗಿವಿಯಲ್ಲಿದ್ದ ಗಡಿಯಾರದ ಸದ್ದು, ನಾನು ಹಿಂದಕ್ಕೆ ತಿರುಗಿದಾಗ ಎಡಗಿವಿಗೆ ಬಂತು. ಕಾಲಡಿ ಕಚೇರಿಯ ನೆಲವಿದೆ ಎಂಬುದೇ ಮರೆತುಹೋಯಿತು.

"ಶಬ್ದಕ್ಕೂ ಒಂದು ಜಾಗ ಇರುತ್ತಮ್ಮ. ದೂರ ಹೋದ್ರೆ ಕೇಳ್ಸಲ್ಲ," ಎಂದರು ಅಪ್ಪ. ಶಬ್ದದ ಕೆಲಸ ಅವರದು.

ನನ್ನ ಗುಮಾನಿ ಕತೆಗಾರನ ಮೇಲಿತ್ತು. "ಆ ಮಾತು ಬೇಡ ಅಂದಿದ್ದೆ ನಿಜ. ಆದ್ರೆ ನಾನು ಮುಟ್ಟಿಲ್ಲ," ಎಂದ.

ಅತ್ತೆ ಅಪ್ಪನನ್ನು ಕೇಳಿದರು. "ನಿಮ್ಮ ಮನೆಯವರ ದನಿ ಹೇಗಿತ್ತು?"

"ಬಲು ಮೆತ್ತಗೆ. ಒಳಗೆ ಮಾತಾಡಿದ್ರೆ ಹೊರಗಿರೋರಿಗೆ ಕೇಳ್ಸೋದೇ ಇಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಕೊನೆಯ ದೃಶ್ಯಕ್ಕೆ ಹೋಗಿ, ನಾಲ್ಕು ಹೆಜ್ಜೆ ನಡೆದು ಕಿವಿಗೊಟ್ಟು ನಿಂತರು. ಕನ್ನಡಕ ತೆಗೆದಾಗ ಅವರ ಕಣ್ಣು ಒದ್ದೆಯಾಗಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ನೋಡಿರಲಿಲ್ಲ.

ಮೂವರನ್ನೂ ಕೂರಿಸಿ ಹೇಳಿದರು: "ದನಿ ಕಳುವಾಗಿಲ್ಲ, ಜಾಗ ಬದಲಿಸಿದೆ. ಬೇಡ ಅನ್ನೋನಾಗಿದ್ರೆ ಅಳಿಸೇಬಿಡ್ತಿದ್ದ; ಇದು ಬೇಕು ಅನ್ನೋರು ಬಚ್ಚಿಟ್ಟಿದ್ದು. ನಾನು 'ಹೇಗಿತ್ತು' ಅಂತ ಕೇಳಿದ್ರೆ ಇವರು 'ಕೇಳ್ಸೋದೇ ಇಲ್ಲ' ಅಂದ್ರು, ಇವತ್ತೂ ಕೇಳ್ತಿರೋರ ಹಾಗೆ. ಒಳಗೆ ಅಂದ್ರೆ ನಮ್ಮ ಮಾತಲ್ಲಿ ಅಡುಗೆಮನೆ. ಚಿತ್ರದಲ್ಲಿ ಅದಕ್ಕೊಂದು ಬಾಗಿಲಿದೆ, ಕತೆ ಅಲ್ಲಿಗೆ ಹೋಗಲ್ಲ. ಅದಕ್ಕೇ ಯಾರೂ ಹುಡುಕಲಿಲ್ಲ. ನಾನು ಆ ಬಾಗಿಲ ಹತ್ರ ನಿಂತೆ, ಕೇಳಿಸ್ತು. ಶಬ್ದನ ಎತ್ತಿಡೋಕೆ ಬರೋದು ಇವರೊಬ್ಬರಿಗೇ."

ಅಪ್ಪ ತಲೆ ತಗ್ಗಿಸಿದರು. "ಅವಳು ಮಾತಾಡಿದ ತಕ್ಷಣ ಕತೆ ಮುಗಿದು ಕತ್ತಲಾಗ್ತಿತ್ತು. ಪರೀಕ್ಷೆ ಮಾಡಿದಾಗಲೆಲ್ಲ ಅವಳು ಮತ್ತೆ ಹೋದ ಹಾಗೆ ಆಗ್ತಿತ್ತು ಮಗಳೇ. ಒಳಗಿಟ್ರೆ ಕತ್ತಲಾಗಲ್ಲ."

ಮಗಳು ಕನ್ನಡಕ ಕಟ್ಟಿಕೊಂಡು ಆ ಬಾಗಿಲಿನತ್ತ ನಡೆದಳು. ತುಂಬಾ ಹೊತ್ತು ಅಲ್ಲೇ ನಿಂತಿದ್ದಳು.

"ಇಲ್ಲೇ ಇರ್ಲಿ ಅಪ್ಪ. ಓದೋರೇ ಒಳಗೆ ಬರ್ಲಿ," ಎಂದಳು. "ಒಲೆ ಪಕ್ಕ ಕುರ್ಚಿ ಬರೀತೀನಿ. ಒಂದು ಸಾಕಾ?"

"ಎರಡು ಬರಿ," ಎಂದರು ಅಪ್ಪ.