ಕಾಲು ಗಂಟೆಯ ರಾಜಕುಮಾರ

“ಹಂಪಣ್ಣ ಯಾರ್ರಿ?”

ಹೆಸರು ನೋಡಿ ಯಾರೋ ಮುದುಕನಿರಬೇಕು ಅಂದುಕೊಂಡಿದ್ದೆ. ಕಿಟಕಿ ಪಕ್ಕದ ಮಂಚದಿಂದ ಬಿಳಿಚಿಕೊಂಡ ಹುಡುಗನೊಬ್ಬ ಕೈ ಎತ್ತಿದ. ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣಲ್ಲಿ ಮಾತ್ರ ನಗುವಿತ್ತು.

“ನಾನ್ರೀ ಸಿಸ್ಟರ್. ನೋಡ್ರಿ ನನ್ನ ಹಣೇಬರಹ! ನೀವು ಅಣ್ಣ ಅಂದ್ರಿ, ನಾ ಸಿಸ್ಟರ್ ಅಂದೆ. ಎಲ್ಲಾ ಇಲ್ಲಿಗೇ ಮುಗದಹೋತು.”

“ಸುಮ್ನ ಮಲಕೊಳೋ ಹುಚ್ಚಪ್ಯಾಲಿ,” ಅಂದಳು ಅವನ ತಾಯಿ ಶಿವಲಿಂಗಮ್ಮ.

ನಾನು ಗಂಗಾವತಿಯ ಆ ಆಸ್ಪತ್ರೆಗೆ ನರ್ಸ್ ಆಗಿ ಸೇರಿದ ಹೊಸತು. ಹಂಪಣ್ಣ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ತಂಗಿಯ ಮಜ್ಜೆ ಹೊಂದಲಿಲ್ಲ. ಯಾರದೋ ರಕ್ತ ಏರಿಸಿಕೊಂಡು ಹೋಗುವುದು, ಅದು ಕರಗಿದಾಗ ಮತ್ತೆ ಬರುವುದು. ಅಷ್ಟೇ ಅವನ ಬದುಕು.

ರಕ್ತ ಹಚ್ಚಿದ ಮೇಲೆ ಮೊದಲ ಕಾಲು ಗಂಟೆ ನರ್ಸ್ ಪಕ್ಕ ಬಿಟ್ಟು ಏಳುವಂತಿಲ್ಲ. ಬೇರೆಯವರ ರಕ್ತವನ್ನು ಮೈ ಒಪ್ಪದಿದ್ದರೆ ತುರಿಕೆಯೋ ಚಳಿಯೋ ಉಬ್ಬಸವೋ ಹೆಚ್ಚಾಗಿ ಆಗಲೇ ಶುರುವಾಗುತ್ತದೆ. ಹಾಗಾಗಿ ಅವನ ಮುಖ ನೋಡುತ್ತಾ ಕೂರುವುದು ನನ್ನ ಡ್ಯೂಟಿ. ನಾಡಿ ಹಿಡಿದ ಬೆರಳು ಚೂರು ಹೆಚ್ಚು ಹೊತ್ತು ಅಲ್ಲೇ ಉಳಿದರೂ ಕೇಳುವವರಿರಲಿಲ್ಲ.

“ತುರಸಾಕತ್ತೈತೇನ್ರಿ?”

“ಹೂಂ.”

“ಎಲ್ಲಿ?” ಗಾಬರಿಯಿಂದ ಬಗ್ಗಿದೆ.

“ಅಂಗಾಲಾಗ. ನಿಮ್ಮನ್ನ ಕರಕೊಂಡು ಓಡಿಹೋಗು ಅನ್ನಾಕತ್ತೈತಿ.”

“ಇಂಥಾದ್ರಾಗ ಚ್ಯಾಷ್ಟಿ ಬ್ಯಾಡ್ರಿ. ಖರೇ ಹೇಳಿದಾಗ ನಾ ನಂಬೂದಿಲ್ಲ ನೋಡ್ರಿ.”

“ಖರೇ ಆದಾಗ ಹೇಳೂದೇ ಇಲ್ಲ ಬಿಡ್ರಿ.”

ಒಮ್ಮೆ ಆ ಕಾಲು ಗಂಟೆಯಲ್ಲಿ ಅವನಿಗೆ ತಾವರಗೇರಾದ ನನ್ನಜ್ಜಿ ಹೇಳುತ್ತಿದ್ದ ಕಥೆ ಹೇಳಿದೆ. ಹೂ ಕಟ್ಟುವ ಹುಡುಗಿಯ ಬಳಿ ದಿನಾ ಸಂಜೆ ರಾಜಕುಮಾರನೊಬ್ಬ ಬಂದು, ದೀಪದ ಎಣ್ಣೆ ತೀರುವ ತನಕ ಕೂರುತ್ತಿದ್ದ. ಹೆಸರು ಹಿಡಿದು ಕರೆದರೆ ಮಾತ್ರ ಹಕ್ಕಿಯಾಗಿ ಹಾರಿಹೋಗುತ್ತಾನೆ. ಒಂದು ಸಂಜೆ ಅವನ ಹೆಗಲ ಹಿಂದೆ ಹಾವು ಹೆಡೆಯೆತ್ತಿತು. ಹುಡುಗಿ ಹೆಸರು ಹಿಡಿದು ಕೂಗಿಬಿಟ್ಟಳು.

“ಮತ್ತ ಬಂದನೇನಬೇ?” ಅಂತ ನಾನು ಕೇಳಿದರೆ ಅಜ್ಜಿ, “ಬದುಕಿದನಲ್ಲ, ಮಲಗಿನ್ನ,” ಅನ್ನುತ್ತಿದ್ದಳು.

ಕೇಳಿ ಹಂಪಣ್ಣ ಅಂದ: “ನನ್ನ ಹೆಸರಿನ ಬಾಲಕ್ಕ ಅಣ್ಣ ಅದಾನ, ಕಾವಲಿಗೆ. ಅವನ್ನ ತಗೀಬ್ಯಾಡ್ರಿ ಮತ್ತ.”

ಚಳಿಗಾಲದಲ್ಲಿ ಒಮ್ಮೆ ಅವನ ಕೈಮೇಲೆ ನಿಜವಾಗಿಯೇ ದದ್ದು ಎದ್ದವು. ಇಂಜೆಕ್ಷನ್ ಕೊಟ್ಟು ಇಳಿಸಿದ ಡಾಕ್ಟರ್, “ಮತ್ತ ಎದ್ರ ಹುಬ್ಬಳ್ಳಿಗೆ ಕಳಸಬೇಕಾಕ್ಕೈತಿ. ಅಲ್ಲಿ ರಕ್ತ ತೊಳದು ಕೊಡ್ತಾರ, ನಮ್ಮಲ್ಲಿ ಆಗೂದಿಲ್ಲ,” ಅಂದರು. ಆಮೇಲೆ ಅವನು ಒಮ್ಮೆಯೂ ತುರಿಕೆ ಅನ್ನಲಿಲ್ಲ. ಹುಲಿಗೆಮ್ಮನಿಗೆ ನಾನು ಹೊತ್ತ ಹರಕೆ ಫಲಿಸಿತು ಅಂದುಕೊಂಡೆ.

ಬೇಸಿಗೆ ಬಂತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದ ಆ ದಿನ ಅವನು ಕುತ್ತಿಗೆತನಕ ಕಂಬಳಿ ಹೊದ್ದು ಮಲಗಿದ್ದ.

“ಈ ಬಿಸಲಾಗ ಕಂಬಳಿ ಏನ್ರಿ?”

“ರಕ್ತಿಲ್ಲದ ಮೈ ಅಲ್ಲೇನ್ರಿ, ಥಂಡಿ ಹತ್ತತೈತಿ.”

ನಂಬಿದೆ. ರಕ್ತ ಹಚ್ಚಿ ಪಕ್ಕ ಕೂತೆ. ಅವನು ಚೇಷ್ಟೆ ಮಾಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಕಲಿಯುವ ಪಾಠದಂತೆ ನೋಡುತ್ತಿದ್ದಾನೆ ಅನ್ನಿಸಿ ನಾಚಿ ಮುಖ ತಿರುಗಿಸಿದೆ. ತಿರುಗಿಸಬಾರದಿತ್ತು.

ಶಿವಲಿಂಗಮ್ಮ ಎಲೆ ಮಡಚುತ್ತಾ ಅಂದಳು: “ಇಲ್ಲಿಂದ ಮನಿಗೆ ಹೋದಾಗೊಮ್ಮೆ ಇವಗ ಮೈತುಂಬ ಕೆಂಪಗ ಪಿತ್ತದ ಗಂಧಿ ಏಳತಾವವ್ವ. ಕಂಬಳಿಲೆ ಗಸಗಸ ತಿಕ್ಕತೀನಿ, ಇಳೀತಾವ. ಪಿತ್ತಲ್ಲೇನು, ಸಿಸ್ಟರ್‌ಗ ಯಾಕ ಹೇಳ್ತಿ ಅಂತಾನ.”

ಕಂಬಳಿ ಎಳೆದೆ. ಕುತ್ತಿಗೆಯಿಂದ ಎದೆತನಕ ಕೆಂಪು ದದ್ದು ಒಂದಕ್ಕೊಂದು ಕೂಡಿಕೊಂಡಿದ್ದವು. ತುಟಿ ಊದುತ್ತಿತ್ತು. ಉಸಿರು ಸಿಳ್ಳೆ ಹಾಕುತ್ತಿತ್ತು.

“ಹಂಪಾ!”

ಇಡೀ ವಾರ್ಡು ತಿರುಗಿ ನೋಡಿತು. ಕೈ ಮಾತ್ರ ಕಲಿತ ಕೆಲಸ ಮರೆಯಲಿಲ್ಲ. ರಕ್ತ ನಿಲ್ಲಿಸಿದೆ, ನಳಿಕೆ ಬದಲಿಸಿ ಸಲೈನ್ ಹಚ್ಚಿದೆ, ಡಾಕ್ಟರನ್ನು ಕೂಗಿದೆ. ತೊಡೆಗೆ ಅಡ್ರಿನಲಿನ್, ಮೂಗಿಗೆ ಆಕ್ಸಿಜನ್. ಹೋಗುತ್ತಿದ್ದ ಉಸಿರು ಒಂದೊಂದಾಗಿ ಹಿಂದಕ್ಕೆ ಬಂತು.

“ಇಲ್ಲಿ ಇನ್ನ ಒಂದು ಹನಿನೂ ಕೊಡಾಕ ಬರೂದಿಲ್ಲ,” ಅಂದರು ಡಾಕ್ಟರ್. “ಹುಬ್ಬಳ್ಳ್ಯಾಗೇ ಉಳೀಬೇಕು. ಎಷ್ಟು ದಿನ ಅಂತ ಹೇಳಾಕಾಗೂದಿಲ್ಲ.”

ಅವರು ಹೋದ ಮೇಲೆ ಕೇಳಿದೆ, “ಯಾಕ ಮುಚ್ಚಿಟ್ರಿ? ಜೀವಾ ಹೋಗತಿತ್ತಲ್ರಿ!”

“ಹುಬ್ಬಳ್ಳ್ಯಾಗ ಎಲ್ಲಾ ಐತಂತ.” ಮಾಸ್ಕಿನೊಳಗಿಂದ ಅವನ ಮಾತು ದೂರದಿಂದ ಬಂದಂತಿತ್ತು. “ನನ್ನ ಕಾಲು ಗಂಟಿ ಅಲ್ಲಿಲ್ಲ.”

ಅಳು ತಡೆಯಲು ಅವನ ನಾಡಿ ಹಿಡಿದೆ. ಎಣಿಕೆ ತಪ್ಪಿತು.

“ಅಣ್ಣನ್ನ ಬಿಟ್ಟು ಕರದಿ ನೀ. ಇನ್ನೊಮ್ಮೆ ಕರಿ.”

ನಾನು ಕರೆಯಲಿಲ್ಲ. ಅವನು ಹಾರಿಹೋಗುವುದು ಹೇಗೂ ನಿಶ್ಚಯವಾಗಿತ್ತು. ಆದರೂ ನನ್ನ ಬಾಯಿಂದಲೇ ಎರಡನೇ ಸಲ ಬೇಡ ಅನ್ನಿಸಿತು.

ಆಂಬುಲೆನ್ಸಿಗೆ ಏರಿಸುವಾಗ ಅವನೇ ಮೊದಲ ಸಲ ಸಿಸ್ಟರ್ ಅನ್ನದೆ, “ಬರ್ತೀನಿ, ಲಲಿತಾ,” ಅಂದ. ಹೋಗುವವರೆಲ್ಲ ನಮ್ಮಲ್ಲಿ ಹಾಗೆಯೇ ಅನ್ನುತ್ತಾರೆ.

ಮೊದಮೊದಲು ಶಿವಲಿಂಗಮ್ಮನ ಫೋನ್ ಬರುತ್ತಿತ್ತು. ಈಗ ಹಚ್ಚಿದರೆ ಸ್ವಿಚ್ ಆಫ್. ಅವರ ಮನೆಗೆ ಬೀಗ. ಇವತ್ತೂ ಆ ಕಿಟಕಿಯ ಮಂಚದ ಪಕ್ಕ ಕೂತು, ಯಾರದೋ ಕೈ ಹಿಡಿದು “ತುರಸಾಕತ್ತೈತೇನ್ರಿ?” ಎಂದು ಕೇಳಿದೆ. “ಇಲ್ರೀ ಸಿಸ್ಟರ್,” ಅಂದರು. ಅಂಗಿ ಸರಿಸಿ ನೋಡಿದೆ. ಖರೆಯೇ ಹೇಳಿದ್ದರು.

ಬದುಕಿದನಲ್ಲ, ಮಲಗಿನ್ನ. ಅಜ್ಜಿಯ ಕಥೆಯ ಹುಡುಗಿಗೆ ಅಷ್ಟಾದರೂ ಗೊತ್ತಿತ್ತು.